ಕೋಲು ಎಷ್ಟು ಬಾಗಬೇಕು?

ಮುಧೋಳ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಬಾಗಲಕೋಟೆ ಜಿಲ್ಲೆಯ ಮುಧೋಳ, ಅಲ್ಲಿನ ಬೇಟೆನಾಯಿ. ಇನ್ನೊಂದು ಮುಧೋಳ ಇದೆ. ಅದು ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಲ್ಲಿ, ತೆಲಂಗಾಣದ ಗಡಿಗೆ ಹತ್ತಿರ. ತೊಗರಿ, ಜೋಳ, ಸುಣ್ಣದಕಲ್ಲು, ಸಿಮೆಂಟ್ ಫ್ಯಾಕ್ಟರಿಗಳ ಸೀಮೆ ಇದು. ಸೇಡಂ, ಮಳಖೇಡ, ಚಿತ್ತಾಪುರದ ಕಡೆಯಿಂದ ಹರಿದು ಬರೋ ಕಾಗಿಣಾ ಹೊಳೆ ಶಹಾಬಾದ್ ಹತ್ತಿರ ಭೀಮೆಗೆ ಸೇರುತ್ತೆ. ಈ ಕಡೆ ಗಾಳ ಹಾಕೋದಕ್ಕೆ ಬೇಕಾದ ಸಾಮಾನು ಬಹಳ ಕಡಿಮೆ. ಎರಡಾಳುದ್ದದ ಒಂದು ಬಿದಿರಿನ ಕೋಲು, ಅದರ ತುದಿಗೆ ಕಟ್ಟಿದ ನೈಲಾನ್ ದಾರ, ಜೋಳದ ದಂಟಿನ ಒಳಗಿನ ಬೆಂಡು, ಒಂದು ಗಾಳ, ಎರೆಹುಳು ಇಲ್ಲಾ ಹಿಟ್ಟಿನ ಉಂಡೆ. ಬೆಂಡು ಮುಳುಗಿತಾ, ಕೋಲು ಎತ್ತು. ಮೀನು ದಂಡೆ ಮೇಲೆ. ರೀಲ್ ಇಲ್ಲ, ಆಟ ಆಡಿಸೋದೂ ಇಲ್ಲ. ರಾತ್ರಿಗೆ ಅದು ಸಾರು.

ಅದೇ ಕೆಲಸದ ಇನ್ನೊಂದು ರೂಪ ಬೆಂಗಳೂರು, ಹೈದರಾಬಾದಿನ ಫ್ಲಾಟುಗಳ ಬಾಲ್ಕನಿಯಲ್ಲಿ ನಡೆಯುತ್ತೆ. ನಾನೂ ಆ ಗುಂಪಿನವನೇ. ಕಾರ್ಬನ್ ಅಥವಾ ಫೈಬರ್‌ಗ್ಲಾಸಿನ ಬರೀ ಕೋಲನ್ನ ತರಿಸ್ತೀವಿ. ಅದಕ್ಕೆ ಬ್ಲ್ಯಾಂಕ್ ಅಂತ ಹೆಸರು. ಕಾರ್ಕ್ ಹಿಡಿಕೆ, ರೀಲ್ ಕೂರಿಸೋ ಸೀಟು, ದಾರ ಹಾಯೋ ರಿಂಗುಗಳು, ಸುತ್ತೋ ನೂಲು, ಎಪಾಕ್ಸಿ, ಎಲ್ಲ ಬೇರೆ ಬೇರೆ ಪೊಟ್ಟಣಗಳಲ್ಲಿ ಬರುತ್ವೆ. ವಾರವೆಲ್ಲ ಸ್ಕ್ರೀನ್ ನೋಡಿದ ಕಣ್ಣಿಗೆ, ಟೈಪ್ ಮಾಡಿದ ಬೆರಳಿಗೆ ಶನಿವಾರ ಒಂದು ನಿಜವಾದ ಕೆಲಸ ಸಿಗುತ್ತೆ. ಅಂಗಡಿಯಲ್ಲಿ ರೆಡಿಮೇಡ್ ಕೋಲು ಇದಕ್ಕಿಂತ ಅಗ್ಗಕ್ಕೇ ಸಿಗುತ್ತೆ, ಅದು ಗೊತ್ತು. ಆದರೂ ಮಾಡ್ತೀವಿ.

ಕಾಗಿಣಾ ದಂಡೆಯ ಬಿದಿರಿಗೂ ಬಾಲ್ಕನಿಯ ಕಾರ್ಬನ್ನಿಗೂ ಮಾಡೋರು ಕೇಳಿಕೊಳ್ಳಲೇಬೇಕಾದ ಪ್ರಶ್ನೆ ಒಂದೇ: ಕೋಲು ಎಷ್ಟು ಬಾಗಬೇಕು? ನೋಡೋದಕ್ಕೆ ಇದು ಎಂಜಿನಿಯರಿಂಗ್ ಲೆಕ್ಕ. ನನಗನ್ನಿಸೋ ಹಾಗೆ ಇದರೊಳಗೆ ನೀತಿಯ ಲೆಕ್ಕವೂ ಕೂತಿದೆ. ಕೋಲು ಎಷ್ಟು ಬಾಗಬೇಕು ಅಂತ ನಿರ್ಧರಿಸಿದವರು, ಮೀನು ಎಷ್ಟು ಹೊತ್ತು ಒದ್ದಾಡಬೇಕು ಅನ್ನೋದನ್ನೂ ನಿರ್ಧರಿಸಿಬಿಟ್ಟಿರುತ್ತಾರೆ.

ಇದು ಅರ್ಥ ಆಗಬೇಕಾದ್ರೆ ಮೊದಲು ಕೋಲು ಕಟ್ಟೋದು ಹೇಗೆ ಅಂತ ನೋಡಬೇಕು.

ಬಿದಿರಿನಿಂದ ಶುರು ಮಾಡೋಣ. ಎಳೆ ಬಿದಿರು ಬೇಡ, ಮೂರು ವರ್ಷವಾದರೂ ಬಲಿತಿರಬೇಕು. ಮಳೆಗಾಲ ಮುಗಿದು ಚಳಿ ಬಿದ್ದ ಮೇಲೆ ಕಡಿದರೆ ಒಳಗೆ ರಸ ಕಡಿಮೆ ಇರುತ್ತೆ, ಹುಳು ಬೀಳೋದೂ ಕಡಿಮೆ. ಬಿಸಿಲಿಗೆ ಹಾಕಿದರೆ ಸೀಳುತ್ತೆ. ನೆರಳಲ್ಲಿ ಎರಡು ಮೂರು ತಿಂಗಳು, ತುದಿ ಕೆಳಗಾಗಿ ನೇತುಹಾಕಿ ಒಂದು ಕಲ್ಲು ಕಟ್ಟಿ ಬಿಟ್ಟರೆ ನೇರವಾಗಿ ಒಣಗುತ್ತೆ. ಆಮೇಲೂ ಉಳಿದ ಡೊಂಕನ್ನ ಸಣ್ಣ ಉರಿಯ ಮೇಲೆ ಒಂದೊಂದೇ ಗೆಣ್ಣು ಕಾಯಿಸಿ, ಮೊಣಕಾಲಿಗೆ ಒತ್ತಿ, ಒದ್ದೆ ಬಟ್ಟೆಯಿಂದ ತಣ್ಣಗೆ ಮಾಡಿ ತೆಗೀಬೇಕು. ಕೊನೆಗೆ ಎಣ್ಣೆ ಸವರಿದರೆ ಕೋಲು ಸಿದ್ಧ. ಹಳ್ಳಿಯ ಸಾಮಾನು ಅಂತ ಇದನ್ನ ಕೀಳು ಮಾಡೋ ಹಾಗಿಲ್ಲ. 19ನೇ ಶತಮಾನದ ನಡುವಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಈಸ್ಟನ್ ಎಂಬ ಊರಲ್ಲಿ ಸ್ಯಾಮ್ಯುಯೆಲ್ ಫಿಲಿಪ್ ಅನ್ನೋ ಬಂದೂಕು ತಯಾರಕ ಬಿದಿರನ್ನ ಸೀಳಿ, ಅಂಟಿಸಿ ಹೊಸ ಬಗೆಯ ಕೋಲು ಮಾಡಿದಾಗ ಬಳಸಿದ್ದು ಕಲ್ಕತ್ತಾದಿಂದ ಹಡಗಿನಲ್ಲಿ ಹೋದ ಬಿದಿರನ್ನೇ.

ಕಾರ್ಬನ್ ಬ್ಲ್ಯಾಂಕ್ ಆದರೆ ಒಣಗಿಸೋ ಕಷ್ಟ ಇಲ್ಲ, ಬೇರೆ ಕಷ್ಟ ಇದೆ. ಬ್ಲ್ಯಾಂಕಿನ ಬುಡವನ್ನ ನೆಲಕ್ಕೂರಿ, ನಡುವೆ ಅಂಗೈ ಕೊಟ್ಟು, ಇನ್ನೊಂದು ಕೈಯಿಂದ ಬಾಗಿಸಿ ಸ್ವಲ್ಪ ಉರುಳಿಸಿದರೆ ಅದು ಒಂದು ಕಡೆಗೆ ತಾನಾಗೇ ತಿರುಗಿ ಕೂರುತ್ತೆ. ಸುತ್ತಿದ ಕಾರ್ಬನ್ ಹಾಳೆಯ ಅಂಚು ಒಂದರ ಮೇಲೊಂದು ಬಿದ್ದ ಕಡೆ ಸ್ವಲ್ಪ ಬಿಗಿ ಜಾಸ್ತಿ ಇರೋದೇ ಇದಕ್ಕೆ ಕಾರಣ. ಇದಕ್ಕೆ ಸ್ಪೈನ್ ಅಂತಾರೆ. ಕೆಲವರು ರಿಂಗುಗಳನ್ನ ಈ ಗೆರೆಗೆ ಹೊಂದಿಸಿ ಕೂರಿಸ್ತಾರೆ, ಇನ್ನು ಕೆಲವರು ಕೋಲಿನ ಅತಿ ನೇರವಾದ ಬದಿ ಯಾವುದೋ ಅದನ್ನ ಹಿಡೀತಾರೆ. ಎರಡಕ್ಕೂ ವಾದ ಇದೆ. ಯಾವುದಾದರೂ ಒಂದನ್ನ ಆರಿಸಿ ಪೆನ್ಸಿಲಿನಲ್ಲಿ ಗೆರೆ ಹಾಕಿಕೊಳ್ಳಿ, ಅಷ್ಟೇ.

ಆಮೇಲೆ ಹಿಡಿಕೆ. ರೀಲ್ ಸೀಟಿನ ಒಳತೂತು ಬ್ಲ್ಯಾಂಕಿಗಿಂತ ದೊಡ್ಡದಿರುತ್ತೆ. ನಡುವಿನ ಸಂದಿಗೆ ಮಾಸ್ಕಿಂಗ್ ಟೇಪನ್ನ ಬಳೆ ಬಳೆಯಾಗಿ, ಜಾಗ ಬಿಟ್ಟು ಬಿಟ್ಟು ಸುತ್ತಿ, ಆ ಜಾಗಗಳಲ್ಲಿ ಎಪಾಕ್ಸಿ ತುಂಬಬೇಕು. ಪೂರ್ತಿ ಟೇಪನ್ನೇ ಸುತ್ತಿದರೆ ಅಂಟು ಹಿಡಿಯೋದಕ್ಕೆ ಜಾಗ ಇರೋದಿಲ್ಲ, ಒಂದು ದಿನ ಸೀಟು ಗಿರಗಿರ ತಿರುಗುತ್ತೆ. ರಿಂಗುಗಳ ಕಾಲಿನ ತುದಿಯನ್ನ ಅರದಿಂದ ಉಜ್ಜಿ ತೆಳ್ಳಗೆ ಮಾಡಬೇಕು. ಇಲ್ಲದಿದ್ದರೆ ನೂಲು ಆ ಮೆಟ್ಟಿಲನ್ನ ಹತ್ತೋದಿಲ್ಲ, ಚೂಪು ಅಂಚು ಬ್ಲ್ಯಾಂಕನ್ನೂ ಕೊರೆಯುತ್ತೆ. ನೂಲು ಸುತ್ತೋವಾಗ ಮೊದಲ ನಾಲ್ಕೈದು ಸುತ್ತು ಅದರ ಬಾಲದ ಮೇಲೇ ಹಾಯಬೇಕು. ಮುಗಿಯೋದಕ್ಕೆ ಆರೆಂಟು ಸುತ್ತು ಇರುವಾಗ ಬೇರೆ ನೂಲಿನ ಒಂದು ಕುಣಿಕೆ ಇಟ್ಟು, ಅದರ ಮೇಲೆ ಸುತ್ತಿ, ಕೊನೆಯ ತುದಿಯನ್ನ ಕುಣಿಕೆಗೆ ತೂರಿಸಿ ಎಳೆದರೆ ಗಂಟೇ ಇಲ್ಲದೆ ಕೆಲಸ ಮುಗಿಯುತ್ತೆ. ಮೇಲೆ ಹಚ್ಚೋ ಎಪಾಕ್ಸಿಯ ಎರಡು ಭಾಗಗಳನ್ನ ಎರಡು ಬೇರೆ ಸಿರಿಂಜಿನಲ್ಲಿ ಸರಿಸಮ ಅಳೆದು, ಗುಳ್ಳೆ ಬರದ ಹಾಗೆ ನಿಧಾನ ಕಲಸಿ, ತೆಳ್ಳಗೆ ಹಚ್ಚಿ, ಗಟ್ಟಿಯಾಗೋ ತನಕ ಕೋಲನ್ನ ತಿರುಗಿಸ್ತಾ ಇರಬೇಕು. ನಿಲ್ಲಿಸಿದ್ರೆ ಕೆಳಗಡೆ ಜೋತು ಬೀಳುತ್ತೆ.

ಇಲ್ಲಿ ತನಕ ಕೈಚಳಕ. ನೀತಿ ಬರೋದು ಮುಂದಿನ ಹಂತದಲ್ಲಿ.

ರಿಂಗುಗಳನ್ನ ಎಲ್ಲೆಲ್ಲಿ ಕೂರಿಸಬೇಕು? ಅಡಿಗೊಂದು, ತುದಿಯದ್ದು ಬೇರೆ, ಅನ್ನೋದು ಅಂದಾಜಿನ ಲೆಕ್ಕ. ಸರಿಯಾದ ಜಾಗ ಗೊತ್ತಾಗಬೇಕಾದರೆ ರಿಂಗುಗಳನ್ನ ಟೇಪಿನಲ್ಲಿ ತಾತ್ಕಾಲಿಕವಾಗಿ ಅಂಟಿಸಿ, ದಾರ ಹಾಯಿಸಿ, ಹಿಡಿಕೆಯನ್ನ ಮೇಜಿಗೆ ಕಟ್ಟಿ, ದಾರದ ತುದಿಗೆ ಬಕೆಟ್ ನೇತುಹಾಕಿ ನೀರು ತುಂಬ್ತಾ ಹೋಗಬೇಕು. ಕೋಲು ಬಾಗುತ್ತೆ. ದಾರ ಕೋಲಿನ ಬಾಗಿನ ಜೊತೆಜೊತೆಗೇ ಹೋಗ್ತಾ ಇದ್ದರೆ ಸರಿ. ಎಲ್ಲಾದರೂ ಅಡ್ಡದಾರಿ ಹಿಡಿದು ನೇರ ಗೆರೆ ಎಳೀತಾ ಇದ್ದರೆ ಅಲ್ಲಿ ಭಾರ ಒಂದೇ ಕಡೆ ಬೀಳ್ತಿದೆ ಅಂತ ಅರ್ಥ. ದೊಡ್ಡ ಮೀನು ಬಿದ್ದ ದಿನ ಕೋಲು ಮುರಿಯೋದು ಅಲ್ಲೇ. ಮುರಿದಾಗ ನಮಗಾಗೋ ನಷ್ಟ ಒಂದು ಕೋಲು. ಮೀನಿಗಾಗೋ ನಷ್ಟ ಬೇರೆ ಥರದ್ದು: ಬಾಯಲ್ಲಿ ಗಾಳ, ಹಿಂದೆ ಹತ್ತಾರು ಮೀಟರ್ ನೈಲಾನ್. ಅದು ಯಾವುದೋ ಬೇರಿಗೆ, ಕಲ್ಲಿಗೆ ಸುತ್ತಿಕೊಂಡು ಅಲ್ಲೇ ಸಾಯುತ್ತೆ, ಯಾರಿಗೂ ಕಾಣದ ಹಾಗೆ. ಸೆರಾಮಿಕ್ ರಿಂಗಿನಲ್ಲಿ ಒಂದು ಸಣ್ಣ ಬಿರುಕಿದ್ದರೂ ಇದೇ ಗತಿ, ದಾರ ಕತ್ತರಿಸುತ್ತೆ. ಅದಕ್ಕೇ ಪ್ರತಿ ಸಲ ಹೊರಡೋ ಮೊದಲು ಹತ್ತಿಯನ್ನ ರಿಂಗಿನೊಳಗೆ ತಿರುಗಿಸಿ ನೋಡೋದು. ಎಳೆ ಸಿಕ್ಕಿಕೊಂಡರೆ ಆ ರಿಂಗ್ ಬದಲಾಯಿಸಬೇಕು.

ಇನ್ನು ಬ್ಲ್ಯಾಂಕಿನ ಬಲ. ಅಂಗಡಿಯವರು, ವೀಡಿಯೊ ಮಾಡೋರು ಎಲ್ಲರೂ ತೆಳ್ಳನೆ ಕೋಲನ್ನ ಹೊಗಳ್ತಾರೆ. ಹಗುರ, ಸೂಕ್ಷ್ಮ, ಮೀನು ಮೂತಿ ತಾಗಿಸಿದ್ರೂ ಕೈಗೆ ಗೊತ್ತಾಗುತ್ತೆ, ಒಂದು ಕೇಜಿ ಮೀನೂ ಐದು ಕೇಜಿ ಥರ ಎಳೆಯುತ್ತೆ. ಎಲ್ಲ ನಿಜ. ಆದರೆ ಒಂದು ಕೇಜಿ ಮೀನು ಐದು ಕೇಜಿ ಥರ ಯಾಕೆ ಎಳೆಯುತ್ತೆ? ನಮ್ಮ ಕೋಲಿಗೆ ಅದನ್ನ ಬೇಗ ತರೋ ಬಲ ಇಲ್ಲ, ಅದಕ್ಕೆ. ಬುಡ ಬಿಗಿಯಾದ ಕೋಲು, ತಕ್ಕ ದಾರ ಇದ್ದರೆ ಎರಡು ನಿಮಿಷಕ್ಕೆ ಮುಗಿಯೋ ಎಳೆದಾಟ, ತೆಳ್ಳನೆ ಕೋಲಿನಲ್ಲಿ ಹತ್ತು ನಿಮಿಷ ಆಗುತ್ತೆ. ನಮಗೆ ಮಜಾ ಅನಿಸೋ ಆ ಎಂಟು ನಿಮಿಷ, ಮೀನು ತನ್ನ ಮೈಯಲ್ಲಿರೋ ಕಸುವನ್ನೆಲ್ಲ ಸುಟ್ಟುಕೊಳ್ಳೋ ಎಂಟು ನಿಮಿಷ.

ಅದರ ಬೆಲೆ ಎಷ್ಟು ಅಂತ ಅಳೆದವರಿದ್ದಾರೆ. 1992ರಲ್ಲಿ ಕೆನಡಾದ ಫರ್ಗುಸನ್ ಮತ್ತು ಟಫ್ಟ್ಸ್ ಎಂಬ ಇಬ್ಬರು ವಿಜ್ಞಾನಿಗಳು ರೇನ್‌ಬೋ ಟ್ರೌಟ್ ಮೀನುಗಳನ್ನ ದಣಿಯೋ ತನಕ ಈಜಾಡಿಸಿ ಗಮನಿಸಿದರು. ದಣಿದ ಮೇಲೆ ನೀರಲ್ಲೇ ಬಿಟ್ಟವುಗಳಲ್ಲಿ ಶೇ. 12 ಸತ್ತವು. ದಣಿದ ಮೇಲೆ 30 ಸೆಕೆಂಡ್ ಗಾಳಿಯಲ್ಲಿ ಹಿಡಿದವುಗಳಲ್ಲಿ ಶೇ. 38. ಒಂದು ನಿಮಿಷ ಹಿಡಿದವುಗಳಲ್ಲಿ ಶೇ. 72. ಒಂದು ನಿಮಿಷ ಅಂದ್ರೆ ಗಾಳ ಬಿಡಿಸಿ, ಫೋನ್ ತೆಗೆದು, ಎರಡು ಫೋಟೊ ತೆಗೆಯೋ ಹೊತ್ತು. ಟ್ರೌಟ್ ತಣ್ಣೀರಿನ ಮೀನು, ನಮ್ಮ ರೋಹು ಕಾಟ್ಲಾಗಳ ಲೆಕ್ಕ ಅದೇ ಆಗಬೇಕಿಲ್ಲ. ಆದರೆ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರೋ ಆಮ್ಲಜನಕ ಕಡಿಮೆ ಅನ್ನೋದು ಎಲ್ಲ ಕಡೆಗೂ ಒಂದೇ. ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುತ್ತೆ. ಏಪ್ರಿಲ್, ಮೇ ತಿಂಗಳಲ್ಲಿ ಗುಂಡಿಗಳಲ್ಲಿ ನಿಂತ ಕಾಗಿಣಾ ನೀರಲ್ಲಿ ಒಂದು ಮೀನನ್ನ ಹತ್ತು ನಿಮಿಷ ದಣಿಸಿ 'ಬಿಟ್ಟುಬಿಟ್ಟೆ' ಅನ್ನೋದು ನಮ್ಮ ಸಮಾಧಾನಕ್ಕೆ ಹೇಳಿಕೊಳ್ಳೋ ಮಾತು.

ಹಿಡಿದು ಬಿಡೋ ವಿಚಾರದಲ್ಲಿ ನನ್ನನ್ನ ಕಾಗಿಣಾ ದಂಡೆಯಲ್ಲಿ ಒಬ್ಬರು ಮುದುಕರು ವಿಚಾರಿಸಿದ್ದರು. ಕಾರ್ಬನ್ ಕೋಲನ್ನ ಕೈಗೆ ತಗೊಂಡು ತೂಗಿ ನೋಡಿ, ರೊಕ್ಕ ಎಷ್ಟು ಕೇಳಿ, ಬೆರಗಾಗಿ ವಾಪಸು ಕೊಟ್ಟರು. ಆಮೇಲೆ ಕೇಳಿದರು, "ಹಿಡದ ಮ್ಯಾಲ ಬಿಡೋದಿತ್ತಂದ್ರ ಹಿಡಿಯೋದ್ಯಾಕ ತಮ್ಮಾ?"

"ಮಜಾ ಬರ್ತದ ಕಾಕಾ."

"ಯಾರಿಗಿ?"

ವ್ಯಂಗ್ಯ ಇರಲಿಲ್ಲ ಅವರ ದನಿಯಲ್ಲಿ. ಲೆಕ್ಕ ಕೇಳೋ ಥರ ಕೇಳಿದರು.

ಇದೇ ಪ್ರಶ್ನೆಯನ್ನ ಕೇಳಿಕೊಂಡು ಜಗತ್ತು ಎರಡು ತದ್ವಿರುದ್ಧ ಉತ್ತರ ಕೊಟ್ಟಿದೆ. ನಮ್ಮ ಕಾವೇರಿಯ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯಲ್ಲಿ ವರ್ಷಗಟ್ಟಲೆ ಮಹಶೀರ್ ಹಿಡಿಯೋ ಕ್ಯಾಂಪುಗಳಿದ್ದವು. ಅಲ್ಲಿ ಹಿಡಿದ ಮೀನನ್ನ ಬಿಡಲೇಬೇಕು ಅನ್ನೋದು ನಿಯಮ, ಬಿಡೋದೇ ಸಭ್ಯತೆ. ಅಭಯಾರಣ್ಯದೊಳಗೆ ಗಾಳ ಹಾಕೋ ಹಾಗಿಲ್ಲ ಅಂತಾದ ಮೇಲೆ ಅದು ನಿಂತಿತು. ಸ್ವಿಟ್ಜರ್ಲೆಂಡಿನ ಪ್ರಾಣಿರಕ್ಷಣಾ ನಿಯಮ ಇದಕ್ಕೆ ಪೂರಾ ಉಲ್ಟಾ: ಬಿಡೋ ಉದ್ದೇಶದಿಂದಲೇ ಮೀನು ಹಿಡಿಯೋದು ಅಲ್ಲಿ ತಪ್ಪು. ತಿನ್ನೋದಕ್ಕೆ ಹಿಡಿಯಿರಿ, ಹಿಡಿದರೆ ಬೇಗ ಕೊಲ್ಲಿರಿ, ಬರೀ ಮಜಾಕ್ಕೆ ಗಾಳ ಹಾಕಬೇಡಿ ಅನ್ನೋದು ಅದರ ತಾತ್ಪರ್ಯ. ಮೀನಿನ ಸಂಖ್ಯೆ ಉಳಿಯಬೇಕು ಅಂತ ನೋಡಿದರೆ ಕಾವೇರಿಯವರು ಸರಿ. ಒಂದೊಂದು ಮೀನಿನ ಪಾಡು ನೋಡಿದರೆ ಸ್ವಿಸ್ಸಿನವರು ಸರಿ, ಕಾಗಿಣಾ ದಂಡೆಯ ಕಾಕಾನೂ ಸರಿ.

ಮೀನಿಗೆ ನೋವಾಗುತ್ತಾ ಅಂತಲೇ ಅನುಮಾನ ಇರೋರಿದ್ದಾರೆ. 2003ರಲ್ಲಿ ಲಿನ್ ಸ್ನೆಡ್ಡನ್ ಎಂಬ ಬ್ರಿಟಿಷ್ ವಿಜ್ಞಾನಿಯ ತಂಡ ಟ್ರೌಟ್‌ಗಳ ತುಟಿಗೆ ಜೇನ್ನೊಣದ ವಿಷ, ಅಸಿಟಿಕ್ ಆಮ್ಲ ಚುಚ್ಚಿ ನೋಡಿತು. ಆ ಮೀನುಗಳು ಹೆಚ್ಚು ಹೊತ್ತು ಮೇವು ಮುಟ್ಟಲಿಲ್ಲ, ಆಮ್ಲ ಚುಚ್ಚಿಸಿಕೊಂಡವು ತುಟಿಯನ್ನ ಕಲ್ಲಿಗೆ ಉಜ್ಜಿಕೊಂಡವು. ಇದನ್ನ ನೋವು ಅನ್ನೋ ಹಾಗಿಲ್ಲ, ಮೀನಿನ ಮಿದುಳಿನಲ್ಲಿ ಅದಕ್ಕೆ ಬೇಕಾದ ಭಾಗವೇ ಇಲ್ಲ ಅಂತ ವಾದಿಸಿದ ವಿಜ್ಞಾನಿಗಳೂ ಇದ್ದಾರೆ. ಈ ಜಗಳ ಮುಗಿದಿಲ್ಲ. ಆದರೆ ಕೋಲು ಕಟ್ಟೋರಿಗೆ ಜಗಳ ಮುಗಿಯೋ ತನಕ ಕಾಯೋ ಅಗತ್ಯ ಇಲ್ಲ. ಅನುಮಾನ ಇರೋ ಕಡೆ ಯಾರ ಪರವಾಗಿ ಕೋಲು ಬಾಗಬೇಕು ಅನ್ನೋದನ್ನ ಈಗಲೇ ಆರಿಸಬಹುದು.

ಈ ಎರಡು ದಾರಿಗಳ ಹಿಂದೆ ಇದೇ ಸೀಮೆಗೆ ನಂಟಿರೋ ಇಬ್ಬರು ರಾಜರೂ ನಿಂತಿದ್ದಾರೆ ಅನ್ನೋದು ನನಗೆ ಬಹಳ ಕುತೂಹಲದ ಸಂಗತಿ.

ಒಬ್ಬ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ. ಆಳಿದ್ದು 1126ರಿಂದ 1138. ಅವನ ರಾಜಧಾನಿ ಕಲ್ಯಾಣ ಇವತ್ತಿನ ಬಸವಕಲ್ಯಾಣ, ಚಿಂಚೋಳಿಯಿಂದ ಉತ್ತರಕ್ಕೆ. ಅವನು ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದ ನೂರು ಅಧ್ಯಾಯಗಳಲ್ಲಿ ಒಂದರ ಹೆಸರು ಮತ್ಸ್ಯವಿನೋದ. ಮೂವತ್ತಕ್ಕೂ ಹೆಚ್ಚು ಬಗೆಯ ಮೀನು, ಅವುಗಳಿಗೆ ಹಾಕೋ ಮೇವು, ಗಾಳ, ದಾರ, ಕೋಲು ಎಲ್ಲ ಅದರಲ್ಲಿವೆ. ಮೀನುವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಇದರ ಬಗ್ಗೆ ಬರೆದು ವಿಜ್ಞಾನದ ಓದುಗರಿಗೆ ತೋರಿಸಿದರು. ಗಾಳದ ಬಗ್ಗೆ ಇಂಗ್ಲಿಷಿನ ಮೊದಲ ಮುದ್ರಿತ ಪುಸ್ತಕ ಬಂದದ್ದು 1496ರಲ್ಲಿ. ನಮ್ಮವನು ಅದಕ್ಕಿಂತ ಮುನ್ನೂರೈವತ್ತು ವರ್ಷಕ್ಕೂ ಹಿಂದಿನವನು. ಅವನಲ್ಲಿ ನನಗೆ ಇಷ್ಟವಾಗೋದು ಒಂದು ಪ್ರಾಮಾಣಿಕತೆ. ಮೀನು ಹಿಡಿಯೋದನ್ನ ಅವನು ವಿನೋದ ಅಂತಲೇ ಕರೆದ. ಹೊಟ್ಟೆಪಾಡು, ಪ್ರಕೃತಿ ಪ್ರೇಮ, ಧ್ಯಾನ ಅಂತ ಬೇರೆ ಹೆಸರು ಹುಡುಕಲಿಲ್ಲ.

ಇನ್ನೊಬ್ಬ ಅಶೋಕ. ಚಿತ್ತಾಪುರದ ಕಡೆ ಭೀಮಾ ದಂಡೆಯ ಸನ್ನತಿಯಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಮೇಲೆ ಅವನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯಲ್ಲಿ ಅವನ ಹೆಸರು ಕೊರೆದ ಶಿಲ್ಪವೇ ಇದೆ. ಮೀನಿನ ಮಾತು ಸನ್ನತಿಯ ಕಲ್ಲಲ್ಲಿಲ್ಲ. ಅದು ಉತ್ತರ ಭಾರತದ ಅವನ ಐದನೇ ಸ್ತಂಭಶಾಸನದಲ್ಲಿದೆ. ಚಾತುರ್ಮಾಸದ ಹುಣ್ಣಿಮೆಗಳು, ಉಪವಾಸದ ದಿನಗಳು, ಹೀಗೆ ಗೊತ್ತುಮಾಡಿದ ದಿನಗಳಲ್ಲಿ ಮೀನು ಕೊಲ್ಲಬಾರದು, ಮಾರಲೂ ಬಾರದು ಅಂತ ಅಲ್ಲಿ ಹೇಳಿದ್ದಾನೆ. ಗಮನಿಸಿ, ಅವನು ಮೀನು ಹಿಡಿಯೋದನ್ನ ಪೂರ್ತಿ ನಿಲ್ಲಿಸಲಿಲ್ಲ. ಅದಕ್ಕೊಂದು ಗಡಿ ಹಾಕಿದ. ಕಲಬುರಗಿ ಕಡೆ ಈಗಲೂ ಶ್ರಾವಣ ಬಂತಂದ್ರೆ ಎಷ್ಟೋ ಮನೆಗಳಲ್ಲಿ ಮಾಂಸ, ಮೀನು ಬಿಡ್ತಾರೆ. ಅಶೋಕನನ್ನ ಓದಿ ಬಿಟ್ಟವರಲ್ಲ ಅವರು. ಆದರೆ ರೋಹು, ಕಾಟ್ಲಾದಂಥ ಮೀನುಗಳು ಮೊಟ್ಟೆ ಇಡೋದೂ ಮಳೆಗಾಲದ ಹೊಸ ನೀರಿಗೇ. ಆಸೆಗೆ ಒಂದು ಕ್ಯಾಲೆಂಡರ್ ಇರಬೇಕು ಅನ್ನೋ ತಿಳಿವಳಿಕೆ ಎರಡೂ ಕಡೆ ಒಂದೇ.

ನನಗೆ ಇಬ್ಬರೂ ಬೇಕು. ಮಜಾವನ್ನ ಮಜಾ ಅಂತ ಒಪ್ಪಿಕೊಳ್ಳೋ ಸೋಮೇಶ್ವರ ಬೇಕು, ಅದಕ್ಕೊಂದು ಗಡಿ ಹಾಕೋ ಅಶೋಕನೂ ಬೇಕು. ನಮ್ಮ ಕಾಲದ ಆಟದ ನೀತಿ ಇಬ್ಬರನ್ನೂ ಬಿಟ್ಟು ಮೂರನೇ ಮಾತು ಹೇಳುತ್ತೆ: 'ಮೀನಿಗೂ ಒಂದು ಚಾನ್ಸ್ ಕೊಡಬೇಕು.' ತೆಳ್ಳನೆ ದಾರ ಹಾಕಿ, ಹಗುರ ಕೋಲು ಹಿಡಿದು, ಮೀನಿಗೂ ನಮಗೂ ಸರಿಸಮ ಪಂದ್ಯ ಆಗಲಿ ಅನ್ನೋ ವಾದ. 1939ರಲ್ಲಿ ಶುರುವಾದ ಅಂತರರಾಷ್ಟ್ರೀಯ ಸಂಸ್ಥೆ ಐಜಿಎಫ್ಎ ದಾರದ ಬಲದ ಪ್ರಕಾರವೂ ದಾಖಲೆ ಇಡುತ್ತೆ. ತೆಳ್ಳನೆ ದಾರದಲ್ಲಿ ದೊಡ್ಡ ಮೀನು ಅಂದ್ರೆ ಹೆಚ್ಚು ಗೌರವ. ಕೇಳೋದಕ್ಕೆ ನ್ಯಾಯವಾಗಿದೆ. ಆದರೆ ಪಂದ್ಯ ಅಂದ ಮೇಲೆ ಇಬ್ಬರೂ ಒಪ್ಪಿ ಇಳಿದಿರಬೇಕು. ಮೀನು ಹಿಟ್ಟು ತಿನ್ನೋಕೆ ಬಂದದ್ದು. ಅದಕ್ಕೆ ಇಲ್ಲಿ ಗೆಲುವು ಅನ್ನೋದೇ ಇಲ್ಲ, ತಪ್ಪಿಸಿಕೊಂಡರೆ ಬೆಳಗ್ಗೆ ಇದ್ದ ಸ್ಥಿತಿಗೆ ಮರಳುತ್ತೆ ಅಷ್ಟೇ, ಅದೂ ತುಟಿಗೆ ಗಾಯ ಮಾಡಿಕೊಂಡು. ಬಿದಿರಿನ ಕೋಲಿನ ಕಾಕಾ ಮೀನಿಗೆ ಯಾವ ಚಾನ್ಸೂ ಕೊಡೋದಿಲ್ಲ. ಮೀನಿನ ಕಡೆಯಿಂದ ನೋಡಿದರೆ ಅವರದ್ದೇ ಹೆಚ್ಚು ದಯೆಯ ಕೋಲು.

'ಸಂತೆಯಲ್ಲಿ ಕೊಳ್ಳೋ ಮೀನು ಬಲೆಯಲ್ಲಿ ಉಸಿರುಗಟ್ಟಿ ಸತ್ತದ್ದೇ ಅಲ್ವಾ, ನಿಮ್ಮ ಹತ್ತು ನಿಮಿಷ ಯಾವ ದೊಡ್ಡದು' ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಬಲೆಯ ಸಾವು ಗಾಳಕ್ಕಿಂತ ಮೆತ್ತಗಿನದ್ದೇನಲ್ಲ. ವ್ಯತ್ಯಾಸ ಇರೋದು, ಬಲೆ ಹಾಕಿದವರಿಗೆ ಆ ಒದ್ದಾಟ ಬೇಕಾಗಿಲ್ಲ. ಇಲ್ಲದಿದ್ದರೇ ಅವರಿಗೆ ಅನುಕೂಲ. ತೆಳ್ಳನೆ ಕೋಲು ಕಟ್ಟಿಕೊಂಡವರಿಗೆ ಆ ಒದ್ದಾಟವೇ ಬೇಕು. ಕೋಲನ್ನ ಅದಕ್ಕಂತಲೇ ಕಟ್ಟಿರ್ತಾರೆ.

ಈ ಮಾತನ್ನ ನಮ್ಮಂಥ ಆಫೀಸಿನ ಮಂದಿಗೆ ಹೇಳೋದಕ್ಕೆ ಒಂದು ಕಾರಣ ಇದೆ. ನಾವು ದಿನಾ ಮಾಡೋ ಕೆಲಸದಲ್ಲಿ ಹೊಣೆ ಅನ್ನೋದು ಹತ್ತು ಜನರ ನಡುವೆ ಹಂಚಿಹೋಗಿ ಕೊನೆಗೆ ಯಾರ ಕೈಯಲ್ಲೂ ಉಳಿಯೋದಿಲ್ಲ. ಆ್ಯಪಿನಲ್ಲಿ 'ಬೇಡ' ಅನ್ನೋ ಬಟನ್ ಕಣ್ಣಿಗೆ ಬೀಳದ ಹಾಗೆ ಬೂದು ಬಣ್ಣದಲ್ಲಿ ಯಾಕಿದೆ? ಡಿಸೈನರ್ ಕೇಳಿದ್ರೆ ಪ್ರಾಡಕ್ಟ್ ಮ್ಯಾನೇಜರ್ ಹೇಳಿದ್ದು ಅಂತಾರೆ. ಮ್ಯಾನೇಜರ್ ಕೇಳಿದ್ರೆ ಡೇಟಾ ಹೇಳಿದ್ದು. ಕೋಡ್ ಬರೆದವರು ಟಿಕೆಟ್ ನೋಡಿ ಬರೆದದ್ದು. ಎಲ್ಲ ಮುಗಿದ ಮೇಲೆ, ಒತ್ತೋದು ಬಿಡೋದು ಬಳಸೋರ ಇಷ್ಟ ತಾನೇ? ಅಂಗಡಿಯ ಕೋಲಿನದ್ದೂ ಇದೇ ಕತೆ. ಕಂಪನಿ ಮಾಡಿತು, ಅಂಗಡಿಯವರು ಮಾರಿದರು, ನಾವು ಕೊಂಡೆವು. ಅದು ಯಾಕೆ ಅಷ್ಟು ಬಾಗುತ್ತೆ ಅಂತ ಯಾರೂ ನಮ್ಮನ್ನ ಕೇಳಲಿಲ್ಲ.

ಕೈಯಿಂದ ಕಟ್ಟಿದ ಕೋಲಿನಲ್ಲಿ ಆ ಸಂದಿ ಮುಚ್ಚಿಹೋಗುತ್ತೆ. ಬ್ಲ್ಯಾಂಕ್ ಆರಿಸಿದ್ದು ನೀವು. ಬಕೆಟ್ಟಿಗೆ ನೀರು ತುಂಬಿ ಬಾಗು ನೋಡಿದ್ದು ನೀವು. ದಾರ ಹಾಕಿದ್ದು, ಗಾಳ ಕಟ್ಟಿದ್ದು, ಹೊಳೆಗೆ ಎಸೆದದ್ದೂ ನೀವೇ. ಡಿಸೈನರ್, ಮ್ಯಾನೇಜರ್, ಬಳಕೆದಾರ ಮೂವರೂ ಒಂದೇ ಮೇಜಿನ ಮುಂದೆ, ಒಂದೇ ಕುರ್ಚಿಯಲ್ಲಿ. ಕೈಕೆಲಸ ಮನಸ್ಸಿಗೆ ನೆಮ್ಮದಿ ಕೊಡುತ್ತೆ ಅಂತ ಎಲ್ಲರೂ ಹೇಳ್ತಾರೆ, ಕೊಡುತ್ತೆ ಕೂಡ. ಜೊತೆಗೆ ಅದು ನೆಪಗಳನ್ನ ಕಿತ್ತುಕೊಳ್ಳುತ್ತೆ. ಆರು ಶನಿವಾರ ಕೂತು, ಕೂದಲೆಳೆ ಸಂದಿಯಿಲ್ಲದ ಹಾಗೆ ನೂಲು ಸುತ್ತಿದೆ ಅನ್ನೋ ಅಕ್ಕರೆ ಕೋಲಿನ ಮೇಲಿನ ಅಕ್ಕರೆ. ಅದು ತಾನಾಗಿ ಮೀನಿನ ತನಕ ಹರಿಯೋದಿಲ್ಲ. ಚಂದದ ವಸ್ತು ಮಾಡೋದು ಬೇರೆ, ಆ ವಸ್ತು ಚಂದದ ಕೆಲಸ ಮಾಡೋ ಹಾಗೆ ಮಾಡೋದು ಬೇರೆ. ಎರಡನ್ನೂ ಒಂದೇ ಅಂದುಕೊಂಡರೆ ಕುಶಲತೆ ಒಂದು ಮುಸುಕಾಗಿಬಿಡುತ್ತೆ.

ಹಾಗಾದ್ರೆ ಕೋಲು ಕಟ್ಟೋದೇ ಬೇಡವಾ? ಪ್ರಾಣಿಗೆ ನೋವು ಮಾಡೋ ಯಾವ ಆಟವೂ ಬೇಡ ಅನ್ನೋರ ಮ���ತನ್ನ ನಾನು ತಳ್ಳಿಹಾಕಲಾರೆ. ಅವರ ದಾರಿ ನನ್ನದಕ್ಕಿಂತ ಸರಳ, ಬಹುಶಃ ಶುದ್ಧ ಕೂಡ. ಆದರೆ ಕಟ್ಟೋದೇ ಆದ್ರೆ, ಬ್ಲ್ಯಾಂಕ್ ಆರ್ಡರ್ ಮಾಡೋ ಮೊದಲು ಮೂರು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ. ಯಾವ ಮೀನು? ಯಾವ ನೀರು? ತಿನ್ನೋದಕ್ಕಾ, ಬಿಡೋದಕ್ಕಾ?

ಯಾವ ಮೀನು ಅಂತ ಗೊತ್ತಾದ್ರೆ ಅದರ ದೊಡ್ಡ ಗಾತ್ರಕ್ಕೆ ತಕ್ಕ ಬಲದ ಬ್ಲ್ಯಾಂಕ್ ತಗೊಳ್ಳಿ, ಸಣ್ಣ ಗಾತ್ರಕ್ಕೆ ಬೇಡ. ಐದು ಕೇಜಿ ಕಾಟ್ಲಾ ಬರೋ ನೀರಿಗೆ ಬುಡ ಬಿಗಿಯಾದ ಎಂಟಡಿ ಕೋಲು. ಬೇಕಾದ್ರೆ ತುದಿ ಒಂದಡಿ ಮೆತ್ತಗಿರಲಿ, ಮೂತಿ ತಾಗಿದ್ದು ತಿಳಿಯೋಕೆ ಅಷ್ಟು ಸಾಕು. ಯಾವ ನೀರು ಅನ್ನೋದಕ್ಕೆ ಉತ್ತರ ಹುಡುಕುವಾಗ ಕಾನೂನೂ ಬರುತ್ತೆ. ಚಿಂಚೋಳಿಯ ಕಾಡನ್ನ 2011ರಲ್ಲಿ ವನ್ಯಜೀವಿಧಾಮ ಅಂತ ಘೋಷಿಸಿದ್ದಾರೆ, ಚಂದ್ರಂಪಳ್ಳಿ ಜಲಾಶಯದ ನೀರು ಎಷ್ಟು ಚಂದ ಕಂಡರೂ ಅಲ್ಲಿ ಗಾಳ ಬೇಡ. ಕೆರೆಗಳ ಮೀನನ್ನ ಸಾಮಾನ್ಯವಾಗಿ ಮೀನುಗಾರರ ಸಂಘಗಳಿಗೆ ಗುತ್ತಿಗೆ ಕೊಟ್ಟಿರ್ತಾರೆ. ನಮಗೆ ಭಾನುವಾರದ ಮಜಾ ಆದದ್ದು ಅವರಿಗೆ ವರ್ಷದ ದುಡಿಮೆ, ಕೇಳಿಯೇ ಕೂರಬೇಕು. ಶಹಾಬಾದ್, ವಾಡಿ ಕಡೆಯ ಹಳೇ ಕಲ್ಲಿನ ಖಣಿಗಳಲ್ಲಿ ನೀರು ನಿಂತಿರುತ್ತೆ. ಅಂಚು ಕಡಿದಾದದ್ದು, ಜಾರಿದರೆ ಹತ್ತೋದಕ್ಕೆ ಮೆಟ್ಟಿಲಿಲ್ಲ. ಅಲ್ಲಿ ಮೀನಿಗಿಂತ ಮೊದಲು ನಿಮ್ಮ ಜೀವದ ಪ್ರಶ್ನೆ.

ತಿನ್ನೋದಕ್ಕೆ ಅಂತಾದ್ರೆ ಬೇಗ ಎಳೆದು, ತಕ್ಷಣ ತಲೆಗೆ ಒಂದೇ ಏಟು ಹಾಕಿ ಮುಗಿಸಿ; ದಂಡೆ ಮೇಲೆ ಒದ್ದಾಡೋಕೆ ಬಿಡಬೇಡಿ. ಬಿಡೋದಕ್ಕೆ ಅಂತಾದ್ರೆ ಗಾಳದ ಮುಳ್ಳನ್ನ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ, ಬಿಡಿಸೋದು ಒಂದು ಸೆಕೆಂಡಿನ ಕೆಲಸ ಆಗುತ್ತೆ. ಗಾಳದ ಹತ್ತಿರದ ಒಂದು ಮೊಳ ದಾರವನ್ನ ಮುಖ್ಯ ದಾರಕ್ಕಿಂತ ಸ್ವಲ್ಪ ಕಡಿಮೆ ಬಲದ್ದು ಹಾಕಿ. ಹರಿಯೋದಾದ್ರೆ ಅಲ್ಲೇ ಹರಿದು ಮೀನು ಉದ್ದ ದಾರ ಎಳಕೊಂಡು ಹೋಗೋದು ತಪ್ಪುತ್ತೆ. ಮೀನನ್ನ ನೀರಲ್ಲೇ ಇಟ್ಟು ಗಾಳ ಬಿಡಿಸಿ. ಫೋಟೊ ಬೇಕೇ ಬೇಕು ಅಂದ್ರೆ ನೀರಲ್ಲಿದ್ದ ಹಾಗೇ ತೆಗೀರಿ. ಬೇಸಿಗೆಯ ಬಿಸಿನೀರಲ್ಲಿ, ಮೊಟ್ಟೆ ಇಡೋ ಮಳೆಗಾಲದಲ್ಲಿ ಕೋಲು ಗೋಡೆಗೆ ಒರಗಿರಲಿ. ಕಟ್ಟೋ ಕೆಲಸಕ್ಕೆ ಆ ತಿಂಗಳುಗಳೇ ಚೆನ್ನ.

ಕೊನೆಗೊಂದು ಸಣ್ಣ ವಿಚಾರ. ಹಿಡಿಕೆಯ ಮೇಲ್ಗಡೆ ಬ್ಲ್ಯಾಂಕಿನ ಮೇಲೆ ಕೋಲಿನ ಉದ್ದ, ದಾರದ ಅಳತೆ, ಕಟ್ಟಿದವರ ಹೆಸರು ಬರೆದು ಅದರ ಮೇಲೆ ಎಪಾಕ್ಸಿ ಹಚ್ಚೋದು ಕೋಲು ಕಟ್ಟೋರ ರೂಢಿ. ಸಾಮಾನ್ಯವಾಗಿ ಎಲ್ಲರೂ ಎದ್ದು ಕಾಣೋ ಹಾಗೆ ಬರೆಯೋದು ಈ ಕೋಲು ಎಷ್ಟು ಹಗುರ ಅನ್ನೋದನ್ನ. ನೀವು ಅಲ್ಲಿ ಇನ್ನೊಂದು ಸಾಲು ಸೇರಿಸಿ: ಇದಕ್ಕಿಂತ ತೆಳ್ಳನೆ ದಾರ ಈ ಕೋಲಿಗೆ ಹಾಕಬಾರದು ಅಂತ ಒಂದು ಅಂಕಿ. ನಾಳೆ ಗೆಳೆಯರೊಬ್ಬರು ಕೋಲು ಎರವಲು ಕೇಳಿ ತಗೊಂಡು ಹೋದರೂ ಆ ಅಂಕಿ ಜೊತೆಗೇ ಹೋಗುತ್ತೆ. ಎಪಾಕ್ಸಿ ಗಟ್ಟಿಯಾದ ಮೇಲೆ ಅದನ್ನ ಅಳಿಸೋದು ಕಷ್ಟ.